ಮಾದಪ್ಪನ ಪಟ ಕಿತ್ತ ನರ್ಸಮ್ಮ

ನರ್ಸಮ್ಮನ ಬಲಗೈ ತೋರುಬೆರಳು ಮಡಚುತ್ತಿರಲಿಲ್ಲ. ಯಾವುದೋ ಕಾಲದಲ್ಲಿ ಬಸ್ಸಿನ ಬಾಗಿಲಿಗೆ ಸಿಕ್ಕಿ ಸೆಟೆದುಕೊಂಡಿತ್ತಂತೆ. ಉಳಿದ ಬೆರಳುಗಳಲ್ಲಿ ಪೆನ್ನು ಹಿಡಿದು ಬರೆಯುವಾಗ ಅದು ಎದುರು ಕೂತವರತ್ತ ನೆಟ್ಟಗೆ ಚಾಚಿಕೊಂಡಿರುತ್ತಿತ್ತು. 'ನನ್ನೇ ತೋರ್ಸ್ಕಂಡು ಬರೀತಾಳೆ' ಎಂದು ನಮ್ಮತ್ತೆ ಗೊಣಗುತ್ತಿದ್ದರು.

ಚಂದಕವಾಡಿ ಸುತ್ತಲಿನ ನಾಲ್ಕು ಹಳ್ಳಿಯ ಬಸುರಿಯರು ಅವರ ಪಾಲಿಗೆ. ಪ್ರೀತಿಯಿದ್ದರೂ ಬೈದೇ ಮಾತಾಡಿಸುತ್ತಿದ್ದರು. ಯಾರಾದರೂ ಕಬ್ಬಿಣದ ಮಾತ್ರೆಯನ್ನು ತಿಪ್ಪೆಗೆಸೆದರೆ, ಆಯ್ದು ತಂದು ಎಸೆದವರ ಜಗಲಿಯ ಮೇಲೇ ಸುರಿಯುತ್ತಿದ್ದರು.

ನಾನು ಗುಂಡ್ಲುಪೇಟೆಯ ಮಗಳು, ಚಂದಕವಾಡಿಗೆ ಸೊಸೆಯಾಗಿ ಬಂದವಳು. ಮದುವೆಯಾದ ಮರುವರ್ಷ ಊಟ ನಿದ್ದೆ ಬಿಟ್ಟು ಬಾವಿಕಟ್ಟೆಯ ಮೇಲೆ ಹೋಗಿ ಕೂತಿದ್ದೆ. ಅಪ್ಪ ಮೈಸೂರಿಗೆ ಕರೆದೊಯ್ದು ಮನೋವೈದ್ಯರಿಗೆ ತೋರಿಸಿದರು. ಅವರು ಖಿನ್ನತೆ ಎಂದರು, ದಿನಕ್ಕೊಂದು ಮಾತ್ರೆ ಕೊಟ್ಟರು, ನಾನು ಮನುಷ್ಯಳಾದೆ. ಬಸುರಾದಾಗ ಅದೇ ವೈದ್ಯರು, 'ನೀವಾಗಿ ನಿಲ್ಲಿಸಬೇಡಿ. ಹೆರಿಗೆ ಮಾಡಿಸುವವರಿಗೆ ತಪ್ಪದೆ ತಿಳಿಸಿ. ಅಪರೂಪಕ್ಕೆ ಕೂಸಿಗೆ ಉಸಿರಿನ ತೊಂದರೆ ಬರಬಹುದು' ಎಂದಿದ್ದರು.

ಬಸುರಿಯ ತಪಾಸಣೆಯೆಲ್ಲ ಬರೆದಿಡುವ ತಾಯಿ ಕಾರ್ಡಿನಲ್ಲಿ ನಾನು ಹೇಳಿದ ಮಾತ್ರೆಯ ವಿಷಯವನ್ನು ನರ್ಸಮ್ಮ ದಪ್ಪ ಅಕ್ಷರದಲ್ಲಿ ಬರೆದರು. ಅತ್ತೆ ಕೆಂಡಾಮಂಡಲವಾದರು.

"ತಲೆಕೆಟ್ಟೋರ ಮಾತ್ರೆ ಅಂತ ಊರೋರೆಲ್ಲ ಓದ್ಲಾ? ಗೀಟಾಕಿ ಒಡ್ದಾಕ್ಬುಡಿ ನರ್ಸಮ್ಮ."

"ಸಕ್ಕರೆ ಕಾಯ್ಲೆ ಮಾತ್ರೆ ಬರುದ್ರೆ ಸುಮ್ಕಿರ್ತೀಯ. ಅದೂ ಕಾಯ್ಲೆನೇ, ಇದೂ ಕಾಯ್ಲೆನೇ ಕಣಕ್ಕ."

ಅತ್ತೆ ಸೋಲುವವರೇ? ಕೊನೆಯ ತಪಾಸಣೆ ಮುಗಿದದ್ದೇ ಕ್ಯಾಲೆಂಡರಿನಿಂದ ಮಾದಪ್ಪನ ಪಟ ಕತ್ತರಿಸಿ, ಅನ್ನದ ಅಗುಳು ತಿಕ್ಕಿ, ಆ ಸಾಲುಗಳ ಮೇಲೆ ಅಂಟಿಸಿಬಿಟ್ಟರು. ಹುಲಿಯ ಮೇಲೆ ಕೂತ ದೇವರನ್ನು ಕೀಳುವ ಕೈ ನಮ್ಮ ಸೀಮೆಯಲ್ಲಿ ಯಾರಿಗಿದೆ? ನಾನೂ ಬಾಯಿ ಮುಚ್ಚಿಕೊಂಡಿದ್ದೆ. ನಾಚಿಕೆ ನನಗೂ ಇತ್ತು.

ನೋವು ಬಂದಾಗ ಚಾಮರಾಜನಗರದ ಆಸ್ಪತ್ರೆಗೆ ನರ್ಸಮ್ಮನೂ ಜೊತೆಗೆ ಬಂದರು. ಕಾರ್ಡು ಬಿಡಿಸಿ ಪಟ ಕಂಡವರೇ ಉಗುರು ಹಾಕಿ ಪರ್ರನೆ ಕಿತ್ತರು. ಅತ್ತೆ ಕೆನ್ನೆ ಕೆನ್ನೆ ಬಡಿದುಕೊಂಡರು.

"ಮಾದಪ್ಪಂಗೆ ನಾನ್ ಜವಾಬು ಏಳ್ತೀನಿ. ನೀನು ಆಚೆ ನಿಂತ್ಕೊ."

ಕಾಗದದ ಜೊತೆ ಅಕ್ಷರಗಳೂ ಕಿತ್ತು ಬಂದಿದ್ದವು. ಮಾತ್ರೆಯ ಹೆಸರು, ಎಷ್ಟು ದಿನದಿಂದ ನುಂಗುತ್ತಿದ್ದೇನೆ, ಎಲ್ಲವನ್ನೂ ನರ್ಸಮ್ಮ ಡಾಕ್ಟರಿಗೆ ಬಾಯಲ್ಲೇ ಒಪ್ಪಿಸಿದರು. ಹಾಗಾಗಿ ಮಕ್ಕಳ ಡಾಕ್ಟರು ಮೊದಲೇ ಬಂದು ನಿಂತರು.

ಹುಟ್ಟಿದ ಕೂಸು ಅತ್ತಿತು. ಸ್ವಲ್ಪ ಹೊತ್ತಿಗೆ ತುಟಿ ನೀಲಿಗಟ್ಟಿತು. ಹುಟ್ಟಿದ ಮೇಲೆ ಸಡಿಲಗೊಳ್ಳಬೇಕಿದ್ದ ಶ್ವಾಸಕೋಶದ ರಕ್ತನಾಳಗಳು ಬಿಗಿದೇ ಉಳಿದಿವೆ, ರಕ್ತಕ್ಕೆ ಆಮ್ಲಜನಕ ಸಾಲುತ್ತಿಲ್ಲ ಎಂದರು. ತಡಮಾಡದೆ ಆಮ್ಲಜನಕ ಕೊಡುತ್ತಲೇ ಮೈಸೂರಿಗೆ ಸಾಗಿಸಿದರು. ಒಂಬತ್ತು ದಿನ ನನ್ನ ಕೂಸಿಗೆ ಯಂತ್ರವೇ ಉಸಿರಾಡಿಸಿತು.

"ಮಾತ್ರೆ ನುಂಗಿ ನುಂಗಿ ಮಗೀನ ಉಸ್ರು ಕಟ್ಸ್ಬುಟ್ಲು" ಎಂದು ಅತ್ತೆ ವಾರ್ಡಿನ ಹೊರಗೆ ಕೂತು ಬಂದವರಿಗೆಲ್ಲ ಹೇಳಿದರು. ನಾನೂ ಅದನ್ನೇ ನಂಬಿ ತಲೆ ತಗ್ಗಿಸಿದ್ದೆ. ನೋಡಲು ಬಂದ ನರ್ಸಮ್ಮ ನೆಂಟರೆಲ್ಲರ ಎದುರೇ ಶುರುಮಾಡಿದರು.

"ಮಾತ್ರೆಯಿಂದ್ಲೇ ಆಯ್ತು ಅಂತ ಡಾಕ್ಟ್ರೇ ಏಳಾಕಿಲ್ಲ. ಮಾತ್ರೆ ಮುಟ್ದೆ ಇರೋರ ಮಕ್ಕಳ್ಗೂ ಆಯ್ತದೆ. ಅದ್ರಿಂದ್ಲೇ ಆಗಿದ್ರೂ ಆಗಿರ್ಲಿ. ನುಂಗ್ದೆ ಇದ್ದಿದ್ರೆ ಇವ್ಳು ಬಾವೀಲಿರ್ತಿದ್ಲು. ಆಗ ಈ ಕೂಸು ಎಲ್ಲಿಂದ ಬರ್ತಿತ್ತವ್ವ?" ಆಮೇಲೆ ನನ್ನತ್ತ ತಿರುಗಿ, "ತಲೆ ಎತ್ಕಂಡು ಕೂತ್ಕೊ ಕಣಮ್ಮಿ" ಎಂದರು.

ಎತ್ತಿಕೊಂಡು ಕೂತೆ. ಮಗಳು ಉಳಿದಳು. ಅಜ್ಜಿಯ ಜೊತೆ ಜಗಳಕ್ಕೆ ನಿಂತರೆ ಈಗ ಉಸಿರು ಅವಳಿಗೇ ಜಾಸ್ತಿ.

ನರ್ಸಮ್ಮ ನಿವೃತ್ತಿಗೆ ಮುಂಚೆಯೇ ತೀರಿಕೊಂಡರು. ತಿಥಿಯ ಊಟದ ಪಂಕ್ತಿಯಲ್ಲಿ ಒಬ್ಬಾಕೆ ನನ್ನ ಮಗಳನ್ನು ತೋರಿಸಿ, "ಮಾತ್ರೆ ಕೂಸು ಇದೇಯಾ?" ಎಂದು ಪಕ್ಕದವಳ ಕಿವಿಯಲ್ಲಿ ಕೇಳಿದಳು. ನಾನು ಸಾಲಿನ ತುದಿಗೂ ಕೇಳಿಸುವಂತೆ ಹೇಳಿದೆ.

"ಊಂ ಕಣವ್ವ, ಇದೇಯ. ಆ ಮಾತ್ರೆ ಈಗ್ಲೂ ನುಂಗ್ತೀನಿ."

ಕೈ ತೊಳೆಯುವಾಗ ಎಳೆಯ ಬಸುರಿಯೊಬ್ಬಳು ಪಕ್ಕಕ್ಕೆ ಬಂದು ನಿಂತಳು.

"ಅಕ್ಕ, ಆ ಮಾತ್ರೆ ಕೊಡೋ ಡಾಕ್ಟ್ರು ಮೈಸೂರಲ್ಲಿ ಎಲ್ಲವ್ರೆ?" ಎಂದಳು.