ಬದ್ದ್ ಎಂದ ಫರ್ಶಿ

"ಯವ್ವಾ, ಈ ಫರ್ಶಿ ಒಡದದ. ಇವತ್ತೇ ಮನಿ ಖಾಲಿ ಮಾಡು."

ನಮ್ಮ ಓಣಿಯ ಸಂಘದ ಅಧ್ಯಕ್ಷ ಬಸಣ್ಣ ಕಾಕಾ ಸಲಾಕೆಯಿಂದ ನಮ್ಮ ಮಾಳಿಗೆಗೆ ಹೊದಿಸಿದ ಕಲ್ಲಿನ ಚಪ್ಪಡಿ ತಟ್ಟಿ ಹೀಗೆಂದಾಗ ನನಗೆ ಮೈಯೆಲ್ಲ ಉರಿಯಿತು. ಅದೂ ಸರ್ಕಾರಿ ಎಂಜಿನಿಯರ್ ಎದುರಿಗೆ!

ಶಹಾಬಾದದ ನಮ್ಮ ಹಳೇ ಸಾಲುಮನೆಗಳು ಅಪಾಯಕಾರಿ, ಎಲ್ಲವನ್ನೂ ಕೆಡವಿ ಹೊಸದಾಗಿ ಕಟ್ಟಬೇಕು ಎಂಬ ಮಾತು ನಡೆದಿತ್ತು. ಕೆಡವಿದ ಮೇಲೆ ನಮಗೇ ಮನೆ ಸಿಗುವ ಖಾತ್ರಿ ಇರಲಿಲ್ಲ. ಅದಕ್ಕೇ ಸಂಘದವರು ಎಂಜಿನಿಯರನ್ನು ಕರೆತಂದು, ಮನೆಗಳು ಗಟ್ಟಿಯಾಗಿವೆ ಎಂದು ಮನೆಮನೆಯ ಫರ್ಶಿ ತಟ್ಟಿ ತೋರಿಸುತ್ತಿದ್ದರು. ಗಟ್ಟಿ ಕಲ್ಲು ಖಣ್ ಎನ್ನುತ್ತದೆ, ಒಳಗೆ ಬಿರುಕಿದ್ದರೆ ಬದ್ದ್ ಎನ್ನುತ್ತದೆ. ನಮ್ಮೂರಲ್ಲಿ ಇದು ಎಲ್ಲರಿಗೂ ಗೊತ್ತು. ಬದ್ದ್ ಎಂದದ್ದು ನಮ್ಮತ್ತೆ ಮಲಗುವ ಹೊರಸಿನ ನೆತ್ತಿಗಿದ್ದ ಕಲ್ಲು.

"ನೀವೇ ಹಿಂಗಂದ್ರ ಹ್ಯಾಂಗ ಕಾಕಾ? ಓಣಿಗೆ ಓಣಿನೇ ಹೋಗ್ತದ!" ಎಂದು ರೇಗಿದೆ. ಕಾಕಾ ಹೊರಸಿನ ಒಂದು ತುದಿ ಹಿಡಿದು ನಿಂತರು. ಬೈಯುತ್ತಲೇ ಇನ್ನೊಂದು ತುದಿ ಹಿಡಿದೆ. ಮನೆಮಂದಿಯೆಲ್ಲ ಪಕ್ಕದ ಮನೆ ಸೇರಿದೆವು.

ಮರುದಿನ ಮಧ್ಯಾಹ್ನ ಆ ಕಲ್ಲು ಎರಡು ತುಂಡಾಗಿ ಬಿತ್ತು. ಕೆಳಗೆ ಯಾರೂ ಇರಲಿಲ್ಲ.

ಎಂಜಿನಿಯರ್ ಓಡಿಬಂದರು. ಕಾಕಾ ಹೇಳಿದ್ದು ನಿಜವಾದದ್ದು ಅವರ ಕಣ್ಣಿಗೇ ಬಿತ್ತು. ಕಾಕಾ ಗಟ್ಟಿ ಎಂದಿದ್ದ ಮನೆಗಳನ್ನು ಈ ಸಲ ತಾವೇ ಪರೀಕ್ಷಿಸಿ, ಕೆಡವುವುದು ಬೇಡ, ಒಡೆದ ಫರ್ಶಿ ಬದಲಿಸಿದರೆ ಸಾಕು ಎಂದು ಬರೆದುಕೊಟ್ಟರು.

ಈಗ ಹೊಸ ಫರ್ಶಿಯ ಕೆಳಗೆ ಅತ್ತೆ ಗಡದ್ದಾಗಿ ಗೊರಕೆ ಹೊಡೆಯುತ್ತಾರೆ. ಮೊದಲು ಆ ಗೊರಕೆಗೆ ನನ್ನ ನಿದ್ದೆ ಕೆಡುತ್ತಿತ್ತು. ಈಗ ಅದು ಕೇಳಿಸಿದರೇನೇ ನಿದ್ದೆ ಹತ್ತುತ್ತದೆ.