ಈರಕ್ಕ ತುಂಬಿಸಿಟ್ಟ ಬಾಣಂತನದ ಮಾತು

ಮೈಕ್‌ಸೆಟ್ ಮಾರಿ ಏಳೆಂಟು ವರ್ಷವಾದರೂ ರಾಯದುರ್ಗದ ಜನ ಅವನನ್ನು ಮೈಕ್‌ಸೆಟ್ ಹೊನ್ನೂರಪ್ಪ ಎಂದೇ ಕರೆಯುತ್ತಿದ್ದರು. ಡಿಜೆಗಳು ಬಂದಮೇಲೆ ಅವನ ಹಾರ್ನುಗಳನ್ನು ಕೇಳುವವರಿರಲಿಲ್ಲ. ಮನೆಯ ಮುಂಗೋಣೆಯಲ್ಲಿ ಹಳೆಯ ಕಂಪ್ಯೂಟರ್ ಇಟ್ಟುಕೊಂಡು ಜನರ ಮೊಬೈಲಿಗೆ ಹಾಡು ತುಂಬಿಕೊಡುತ್ತ ಕೂತ. ಮನೆ ನಡೆದದ್ದು ಹೆಂಡತಿ ಈರಕ್ಕನಿಂದ. ಪಕ್ಕದ ಜೀನ್ಸ್ ಯೂನಿಟ್ಟಿನಲ್ಲಿ ಪ್ಯಾಂಟಿಗೆ ಜೇಬು ಹೊಲಿಯುತ್ತ, ಮಿಷನ್ನುಗಳ ಸದ್ದನ್ನು ಮೀರಿ ಮಾತಾಡಿ ಮಾತಾಡಿ ಅವಳ ದನಿ ಓಣಿಯ ತುದಿಗೂ ಕೇಳುವಂತಾಗಿತ್ತು. "ನನಗ್ಯಾಕ ಬೇಕ್ರಿ ನಿಮ್ಮ ಮೈಕು?" ಎಂದು ಗಂಡನನ್ನು ಕಾಡುತ್ತಿದ್ದಳು.

ಆ ಗಂಟಲಿಗೇ ಗಡ್ಡೆ ಬಂತು. ಬಳ್ಳಾರಿಯಲ್ಲಿ ಆಪರೇಷನ್ ಆದಮೇಲೆ ಉಳಿದದ್ದು ಪಿಸುಮಾತು. ಗಡ್ಡೆ ಮತ್ತೆ ಬೆಳೆದಿದೆ, ಇನ್ನು ಕೈಹಾಕುವುದು ಬೇಡ ಎಂದು ಡಾಕ್ಟರು ಹೇಳಿದ ದಿನ, ವಾಪಸು ಬರುವ ಬಸ್ಸಿನಲ್ಲಿ ಅವಳು ಗಂಡನ ಕಿವಿಗೆ ಬಾಯಿಟ್ಟು ಕೇಳಿದಳು: "ಗಂಗೋತ್ರಿಗೆ ಎಷ್ಟು ತಿಂಗಳಾದ್ವು?"

ಮಗಳು ಗಂಗೋತ್ರಿ ಬೆಂಗಳೂರಿನ ಗಾರ್ಮೆಂಟ್ಸಿನಲ್ಲಿದ್ದಳು. ಚೊಚ್ಚಲ ಬಸುರಿ. "ಐದು," ಎಂದ ಹೊನ್ನೂರಪ್ಪ.

"ಅಲ್ಲಿಮಟ ನಾ ಇರಂಗಿಲ್ಲ. ಬಾಣಂತನ ಹೆಂಗ ಮಾಡ್ಬೇಕಂತ ಹೇಳ್ತೀನಿ, ನಿಮ್ಮ ಕಂಪ್ಯೂಟರಿನಾಗ ತುಂಬಿಡ್ರಿ. ಆಕಿ ಬಂದ್ರ ಬರೇ ಅಳ್ತಾಳ. ಹೇಳಿದ್ದು ತಲಿಗೆ ಹೋಗಂಗಿಲ್ಲ."

ಮಾರನೆಯ ದಿನ ಅವನು ಉಳಿಸಿಕೊಂಡಿದ್ದ ಒಂದೇ ಮೈಕನ್ನು ಒರೆಸಿ, ಕಂಪ್ಯೂಟರಿಗೆ ಸಿಕ್ಕಿಸಿ ಅವಳ ಬಾಯಿಯ ಹತ್ತಿರ ಹಿಡಿದ. ಅವಳು ಮಾತಾಡಿದಳು. ಪರದೆಯ ಮೇಲೆ ದನಿ ತೋರಿಸುವ ಗೆರೆ ಅಲುಗಲೇ ಇಲ್ಲ. ಕಂಪ್ಯೂಟರಿನಲ್ಲಿ ಸೌಂಡು ಪೂರ್ತಿ ಏರಿಸಿದ. ಮಾತಿನ ಜತೆ ಸುಯ್ ಎನ್ನುವ ಸದ್ದೂ ಏರಿ ಮಾತನ್ನೇ ನುಂಗಿತು. ಅವನಿಗೆ ತಿಳಿಯದ್ದೇನಲ್ಲ. ದನಿಯನ್ನು ಕಂಪ್ಯೂಟರಿಗೆ ಹೋಗುವ ಮೊದಲೇ ಏರಿಸಬೇಕು. ಒಳಗೆ ಹೋದಮೇಲೆ ಏರಿಸಿದರೆ ಕಸವೂ ಏರುತ್ತದೆ. ಅದಕ್ಕೆ ಮಿಕ್ಸರ್ ಬೇಕು. ತನ್ನದನ್ನು ಅಮರಾಪುರದ ಬೋರಪ್ಪನಿಗೆ ಮಾರಿದ್ದ.

ಬಸ್ಸು ಬದಲಿಸಿಕೊಂಡು ಅಮರಾಪುರಕ್ಕೆ ಹೋದ. ವಿಷಯ ಕೇಳಿದ ಬೋರಪ್ಪ ಒಳಗೆ ಹೋಗಿ ಮಿಕ್ಸರನ್ನು ಟವೆಲ್ಲಿನಲ್ಲಿ ಸುತ್ತಿ ತಂದು ಅವನ ತೊಡೆಯ ಮೇಲಿಟ್ಟ. "ತಗಂಡ್ ಹೋಗಣ್ಣ. ಅತ್ತಿಗೆ ಮಾತು ಮುಗೀಲಿ, ಆಮೇಲ್ ನೋಡಾನ."

ಪಕ್ಕದ ಯೂನಿಟ್ಟಿನವರು ಊಟಕ್ಕೆ ಮಿಷನ್ ನಿಲ್ಲಿಸುವ ಹೊತ್ತಿನಲ್ಲಿ ಇಬ್ಬರೂ ಕೂತರು. ಮೈಕು ಮಿಕ್ಸರಿಗೆ, ಮಿಕ್ಸರು ಕಂಪ್ಯೂಟರಿಗೆ. ಹೊನ್ನೂರಪ್ಪ ಹೆಡ್‌ಫೋನ್ ಹಾಕಿಕೊಂಡು ಗುಂಡಿಯನ್ನು ಮೆಲ್ಲಗೆ ತಿರುಗಿಸಿದ. ಗೆರೆ ಎದ್ದಿತು.

"ಗಂಗೀ, ಕೂಸಿಗೆ ನೀರು ಹಾಕುವಾಗ ಕಾಲಮ್ಯಾಲೆ ಬೋರಲು ಮಲಗಿಸ್ಬೇಕು..."

ಮಾತಿನ ಜತೆ ಇನ್ನೊಂದೂ ಕೇಳಿತು. ಎರಡೆರಡು ಮಾತಿಗೆ ಒಮ್ಮೆ ಗಂಟಲು ಹರಿದು ಬರುವಂಥ ಉಸಿರು. ಉಗುಳು ನುಂಗುವಾಗ ತಡೆಹಿಡಿದ ನರಳಿಕೆ. ಎದುರಿಗೆ ಕೂತವಳ ಮುಖ ಶಾಂತವಾಗಿತ್ತು, ನೋವೇ ಇಲ್ಲದವರ ಹಾಗೆ. ಇಷ್ಟು ದಿನ ಒಂದೇ ಚಾಪೆಯ ಮೇಲೆ ಮಲಗಿಯೂ ಅವನಿಗೆ ಇದು ಕೇಳಿರಲಿಲ್ಲ. ಹೆಡ್‌ಫೋನ್ ಕಿತ್ತಿಟ್ಟ.

"ಸಾಕು ಬಿಡು, ಈರೀ."

"ಯಾಕ? ಬರಂಗಿಲ್ಲೇನು?"

"ಬರ್ತೈತಿ. ಚಲೋ ಬರ್ತೈತಿ."

"ಮತ್ತ ತುಂಬ್ರಿ."

ನಾಲ್ಕು ಮಧ್ಯಾಹ್ನ ಹೇಳಿದಳು. ಮೂಗಿಗೆ ನೀರು ಹೋಗದಂತೆ ಅಂಗೈ ಅಡ್ಡ ಹಿಡಿಯುವುದು, ಬಾಣಂತಿಗೆ ಬೆಳ್ಳುಳ್ಳಿ ಹುರಿದು ಕೊಡುವುದು, ಕೂಸು ಸುಮ್ಮನೆ ಅತ್ತರೆ ಹೊಟ್ಟೆ ಮುಟ್ಟಿ ನೋಡುವುದು. ಐದನೆಯ ದಿನ ಬಾಯಿ ತೆರೆದಳು, ಏನೂ ಬರಲಿಲ್ಲ.

ಬಸುರಿ ಹೆಂಗಸು ಆ ನರಳಿಕೆ ಕೇಳಬಾರದೆಂದು ಹೊನ್ನೂರಪ್ಪ ಮೂರು ದಿನ ಕೂತು ಒಂದೊಂದೇ ಉಸಿರನ್ನು ಗುರುತಿಸಿ ಕತ್ತರಿಸಿದ. ಮಾತು ಮಾತಿಗೆ ಕೂಡಿಸಿ, ಅದೇ ಫೈಲಿನ ಮೇಲೆ ಉಳಿಸಿದ. ಇನ್ನೊಂದು ಪ್ರತಿ ಇಡಬೇಕೆಂದು ಹೊಳೆಯಲಿಲ್ಲ. ಹದಿನೈದು ದಿನಕ್ಕೆ ಈರಕ್ಕ ತೀರಿಕೊಂಡಳು.

ಗಂಗೋತ್ರಿ ತವರಿಗೆ ಬಂದು ಹೆತ್ತಳು. ಹೆಣ್ಣು ಕೂಸು. ನೆರೆಮನೆಯ ದ್ಯಾಮಮ್ಮ ಮೊಬೈಲಿನಲ್ಲಿ ಈರಕ್ಕನ ಮಾತು ಕೇಳಿಸಿಕೊಂಡೇ ಕೂಸಿಗೆ ನೀರು ಹಾಕುತ್ತಿದ್ದಳು. "ಹೂಂ ಈರಕ್ಕ, ಹಂಗೇ ಮಾಡೀನಿ" ಎಂದು ನಡುನಡುವೆ ಉತ್ತರವನ್ನೂ ಕೊಡುತ್ತಿದ್ದಳು. ಒಂಬತ್ತನೆಯ ದಿನ ಗಂಗೋತ್ರಿ ಒಳಗಿನಿಂದ ಕರೆದಳು.

"ಅಪ್ಪಾ, ಅವ್ವ ಎಲ್ಲೂ ಉಸಿರೇ ತಗೊಂಡಿಲ್ಲಲ್ಲ? ಯಾರೋ ಓದಿದಂಗ ಐತಿ."

ಅವನು ಬಾಗಿಲ ಚೌಕಟ್ಟು ಹಿಡಿದು ನಿಂತ. "ನಾನೇ ತೆಗೆದೆ ತಾಯಿ. ಕೇಳಾಕ ಆಗ್ತಿರಲಿಲ್ಲ."

"ತೆಗೆದದ್ದು ಎಲ್ಲೈತಿ?"

"ಎಲ್ಲೂ ಇಲ್ಲ."

ಗಂಗೋತ್ರಿ ಕೂಸನ್ನು ಎದೆಗೆ ಅವಚಿಕೊಂಡು ಗೋಡೆಯ ಕಡೆ ತಿರುಗಿದಳು.

"ನಾ ಕೇಳ್ತಿದ್ದೆ ಅಪ್ಪಾ," ಎಂದಳು. "ಇಟ್ಟಿದ್ರ ಅದನ್ನೂ ಕೇಳ್ತಿದ್ದೆ."

ದ್ಯಾಮಮ್ಮ ಹಿತ್ತಲಿನಿಂದ ಬಿಸಿನೀರಿಗೆ ಕೂಗಿದಳು. ಹೊನ್ನೂರಪ್ಪ ಹಂಡೆಯ ಕಡೆ ನಡೆದ.