ಎಳೆ ಕೊಡದ ಗೂಡು

ಒಬ್ಬರ ಮೇಲೆ ಹೊಟ್ಟೆಕಿಚ್ಚು ಪಟ್ಟಿದ್ದೆ ಅಂತ ಒಪ್ಪಿಕೊಳ್ಳೋಕೆ ನನಗೆ ನಿವೃತ್ತಿಯೇ ಆಗಬೇಕಾಯಿತು ನೋಡಿ. ಕಂಪ್ಯೂಟರಿನ ಡಿಸ್ಕಿಗೆ ಆಜ್ಞೆ ಕಳಿಸುವ ಡ್ರೈವರ್ ಎಂಬ ಪ್ರೋಗ್ರಾಂ ಬರೆಯುವುದು ಆಗ ನನ್ನ ಕೆಲಸ. ರಾಮನಗರದ ಒಂದು ಕಚೇರಿಯಲ್ಲಿ ಅದು ಕೈಕೊಟ್ಟಿತ್ತು. ಒಂದು ಆಜ್ಞೆ ವಿಫಲವಾದರೆ ಅದನ್ನೇ ಮತ್ತೆ ಮತ್ತೆ ಕಳಿಸುತ್ತ ಕೂರುತ್ತಿತ್ತು, ಮಿಕ್ಕ ಕೆಲಸವೆಲ್ಲ ನಿಂತುಹೋಗುತ್ತಿತ್ತು. ಮೂರು ವಾರ ತಿಣುಕಿದ್ದೆ. ಸೋಮವಾರದೊಳಗೆ ಸರಿಹೋಗದಿದ್ದರೆ ಕೆಲಸ ಬೇರೆಯವರಿಗೆ ಅಂತ ಸಾಹೇಬರು ಹೇಳಿಯಾಗಿತ್ತು.

ತಲೆಕೆಟ್ಟು ಪಕ್ಕದ ರೇಷ್ಮೆ ನೂಲು ತೆಗೆಯುವ ಶೆಡ್ಡಿಗೆ ಹೋದೆ. ಸಲೀಂ ಸಾಬರು ಬಿಸಿನೀರಿನಲ್ಲಿದ್ದ ಗೂಡುಗಳ ಎಳೆ ಹಿಡಿಯುತ್ತಿದ್ದರು. ಒಂದು ಗೂಡು ಎಳೆ ಕೊಡಲಿಲ್ಲ. ಎರಡು ಸಲ ನೋಡಿ ಪಕ್ಕದ ಬೋಗುಣಿಗೆ ಹಾಕಿದರು.

“ಬಿಟ್ಟೇಬಿಟ್ರಾ ಸಾಬರೇ?”

“ಬುಡಾದಿಲ್ಲ ಸಾರ್. ಒಸಿ ನೆನೀಲಿ, ಆಮೇಲ್ ನೋಡಾಣ. ಅದ್ನೇ ಹಿಡ್ಕಂಡ್ ಕೂತ್ರೆ ಮಿಕ್ಕಿದ್ ಗೂಡೆಲ್ಲ ನನ್ ಮುಖ ನೋಡ್ತಾ ಕೂರ್ಬೇಕಾ?”

ಹೊಟ್ಟೆ ಉರಿದುಹೋಯಿತು. ನನಗೆ ಹೊಳೆಯದ್ದನ್ನು ಈ ಮನುಷ್ಯ ಬೀಡಿ ಕಚ್ಚಿಕೊಂಡೇ ಹೇಳಿಬಿಟ್ಟರಲ್ಲ. ವಾಪಸ್ ಹೋಗಿ ಹಾಗೆಯೇ ಬರೆದೆ: ಎರಡು ಸಲ ಪ್ರಯತ್ನ, ಆಮೇಲೆ ಪಕ್ಕಕ್ಕೆ, ಸ್ವಲ್ಪ ತಡೆದು ಮತ್ತೊಮ್ಮೆ. ಕಂಪ್ಯೂಟರ್ ಆಮೇಲೆ ನಿಲ್ಲಲಿಲ್ಲ.

ಖುಷಿಯಲ್ಲಿ ಸಾಬರಿಗೆ ಎಲ್ಲ ಹೇಳಿದೆ. “ಇದುಕ್ಕೆ ಮೂರು ವಾರನಾ ಸಾರ್? ಹೋಗ್ಲಿ, ಚಾ ಕುಡೀರಿ” ಅಂದರು.

ಚಾ ಕೂಡ ಬಲು ಚೆನ್ನಾಗಿ ಮಾಡುತ್ತಿದ್ದರು. ಅದಕ್ಕೂ ಹೊಟ್ಟೆಕಿಚ್ಚು ಪಟ್ಟೆ.